ಹೆಣ್ಣುಗರುಗಳಿಗೆ ಮಿಲ್ಕ್ ರಿಪ್ಲೇಸರ್: ತೀರ್ಥಹಳ್ಳಿ ಕಡೆಯ ಕೊಟ್ಟಿಗೆಯ ಮಳೆಗಾಲದ ಲಾಗ್

ಮೃಗಶಿರ ಮಳೆ – ಚೀಲದ ಆಯ್ಕೆ

ಮಿಲ್ಕ್ ರಿಪ್ಲೇಸರ್ ಅಂದರೆ ತಾಯಿಹಾಲಿನ ಬದಲು ನೀರಿನಲ್ಲಿ ಕಲಸಿ ಕರುವಿಗೆ ಕುಡಿಸುವ ಪುಡಿ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್) ಕ್ರಾಸ್ ಹೆಣ್ಣುಗರು ಮೂರು. ಹುಟ್ಟಿದಾಗಿನ ತೂಕ 28, 30, 31 ಕೆಜಿ. ಮೂರಕ್ಕೂ ಮೊದಲ ಎರಡು ಗಂಟೆಯೊಳಗೆ ಒಂದೂವರೆ ಲೀಟರ್ ಗಿಣ್ಣುಹಾಲು, ಒಂದು ದಿನ ತುಂಬುವುದರೊಳಗೆ ಒಟ್ಟು ಮೂರು ಲೀಟರ್ ಹೋಗಿದೆ. ಗಿಣ್ಣಿನ ರೋಗನಿರೋಧಕ ಪ್ರೋಟೀನನ್ನು ಕರುಳು ಹಾಗೇ ಹೀರಿಕೊಳ್ಳುವುದು ಆ ಮೊದಲ ದಿನ ಮಾತ್ರ. ಅದು ತಪ್ಪಿದ ಕರುವನ್ನು ಎಷ್ಟೇ ದುಬಾರಿ ಪುಡಿಯೂ ಕಾಪಾಡುವುದಿಲ್ಲ.

ಮೊದಲು ಲೆಕ್ಕ. ಒಂದು ಲೀಟರ್ ಕಲಸಿದ ಹಾಲಿಗೆ 125 ಗ್ರಾಂ ಪುಡಿ ಬೇಕು, ಅಂದರೆ ಕೆಜಿಗೆ ಎಂಟು ಲೀಟರ್. ಪುಡಿಯ ಬೆಲೆಯನ್ನು ಎಂಟರಿಂದ ಭಾಗಿಸಿ. ಕೆಜಿಗೆ 240 ರೂಪಾಯಿ ಆದರೆ ಲೀಟರಿಗೆ 30 ಬೀಳುತ್ತದೆ. ಇದನ್ನು ಡೇರಿಯಲ್ಲಿ ನಿಮ್ಮ ಹಾಲಿಗೆ ಕೈಗೆ ಸಿಗುವ ದರದ ಜೊತೆ, ಸರ್ಕಾರದ ಪ್ರೋತ್ಸಾಹಧನವನ್ನೂ ಸೇರಿಸಿ, ಹೋಲಿಸಿ. ವ್ಯತ್ಯಾಸ ಲೀಟರಿಗೆ ಎರಡು ಮೂರು ರೂಪಾಯಿ ಅಷ್ಟೇ ಆದರೆ ಪುಡಿಯ ಗೋಜು ಬೇಡ, ಹಾಲನ್ನೇ ಕೊಡಿ. ಒಂದೆರಡು ಹಸು ಇರುವ ಮನೆಗಂತೂ ನಮ್ಮ ಸಲಹೆ ಹಾಲೇ. ಮಲೆನಾಡು ಗಿಡ್ಡದ (ಈ ಕಡೆಯ ಸಣ್ಣ ನಾಟಿ ತಳಿ) ಕರುವಿಗೆ ಇದರ ಮಾತೇ ಇಲ್ಲ, ಅದು ತಾಯಿಯ ಜೊತೆಯೇ ಇರಲಿ.

ನೋಡಿದ್ದು ಮೂರು ಚೀಲ. ಮೊದಲನೆಯದು: ಪ್ರೋಟೀನ್ 22, ಕೊಬ್ಬು 16, ನಾರು ಶೇ. 0.1. ಎರಡನೆಯದು: ಪ್ರೋಟೀನ್ 24, ಕೊಬ್ಬು 12, ನಾರು ಶೇ. 1.3, ಬೆಲೆಯೂ ಕಮ್ಮಿ. ಮೂರನೆಯದರ ಮೇಲೆ ಯಾವ ಯಾವ ಪದಾರ್ಥ ಸೇರಿದೆ ಎಂಬುದೇ ಇಲ್ಲ, ಅದನ್ನು ಅಲ್ಲೇ ಬಿಟ್ಟೆವು.

ಪ್ರೋಟೀನ್ ಜಾಸ್ತಿ ಅಂತ ಎರಡನೆಯದಕ್ಕೆ ಮನಸ್ಸು ವಾಲುತ್ತದೆ. ಆದರೆ ಹಾಲಿನಲ್ಲಿ ನಾರು ಇರುವುದಿಲ್ಲ. ನಾರು 0.15ರ ಆಸುಪಾಸಿನಲ್ಲಿದ್ದರೆ ಪ್ರೋಟೀನು ಹಾಲಿನದ್ದು, ಒಂದು ದಾಟಿದರೆ ಸೋಯಾ ಹಿಟ್ಟಿನಂಥದ್ದು ಸೇರಿದೆ ಅಂತಲೇ ತಿಳಿಯಬೇಕು. ಮೂರು ವಾರದೊಳಗಿನ ಕರುವಿಗೆ ಸಸ್ಯದ ಪ್ರೋಟೀನು ಸರಿಯಾಗಿ ಜೀರ್ಣವಾಗದು; ಪಿಷ್ಟವೂ ಅಷ್ಟೇ, ಸಕ್ಕರೆಯೂ ಅಷ್ಟೇ. ಜೀರ್ಣವಾಗದೆ ಉಳಿದದ್ದು ಭೇದಿಯಾಗುತ್ತದೆ. ನಾರಿನ ಅಂಕಿಯೊಂದನ್ನೇ ನಂಬುವಂತೆಯೂ ಇಲ್ಲ. ಚೆನ್ನಾಗಿ ಶುದ್ಧೀಕರಿಸಿದ ಸೋಯಾ ಪ್ರೋಟೀನಿನಲ್ಲಿ ನಾರು ಕಮ್ಮಿಯೇ ಇರುತ್ತದೆ. ಅದಕ್ಕೇ ಪದಾರ್ಥಗಳ ಪಟ್ಟಿ ಓದಬೇಕು: ವೇ (ಹಾಲು ಒಡೆದಾಗ ಉಳಿಯುವ ತಿಳಿನೀರು) ಪುಡಿ, ವೇ ಪ್ರೋಟೀನ್, ಕೆನೆರಹಿತ ಹಾಲಿನ ಪುಡಿ ಮೊದಲ ಸಾಲಿನಲ್ಲೇ ಬರಬೇಕು. ಬೂದಿಯ ಅಂಶ (ಸುಟ್ಟ ಮೇಲೆ ಉಳಿಯುವ ಖನಿಜ) ಶೇ. 9 ದಾಟಬಾರದು.

ಮನೆಯಲ್ಲೇ ಮಾಡಿದ ಪರೀಕ್ಷೆ ಎರಡು. ಕಲಸಿ ಆರಿಸಿದ ಹಾಲಿಗೆ ಒಂದು ತೊಟ್ಟು ಟಿಂಕ್ಚರ್ ಅಯೋಡಿನ್: ಎರಡನೆಯ ಚೀಲದ್ದು ನೀಲಿಗಪ್ಪಾಯಿತು, ಪಿಷ್ಟ ಇದೆ. ಮೊದಲನೆಯದರಲ್ಲಿ ಅಯೋಡಿನ್ನಿನ ಕಂದು ಬಣ್ಣ ಬಿಟ್ಟರೆ ಬೇರೇನಿಲ್ಲ. ಆಮೇಲೆ ಗಾಜಿನ ಲೋಟದಲ್ಲಿ ಕಾಲು ಗಂಟೆ ಇಟ್ಟು ನೋಡಿದ್ದು: ಎರಡನೆಯದರ ತಳದಲ್ಲಿ ಬೆರಳಿಗೆ ಹತ್ತುವಂಥ ಮರಳುಮರಳಾದ ಗಸಿ. ರೆನ್ನೆಟ್ (ಚೀಸ್ ಮಾಡುವಾಗ ಹಾಲು ಹೆಪ್ಪುಗಟ್ಟಿಸುವ ಕಿಣ್ವ) ಹಾಕಿದರೆ ಹೆಪ್ಪುಗಟ್ಟದ ಪುಡಿ ಕೆಟ್ಟದ್ದು ಅನ್ನುವವರಿದ್ದಾರೆ. ಅದನ್ನು ತಲೆಗೆ ಹಾಕಿಕೊಳ್ಳಬೇಡಿ, ವೇ ಆಧಾರದ ಪುಡಿ ಹೆಪ್ಪುಗಟ್ಟುವುದಿಲ್ಲ, ಆದರೂ ಕರುವಿಗೆ ಚೆನ್ನಾಗಿಯೇ ಜೀರ್ಣವಾಗುತ್ತದೆ. ಪುಡಿ ಕಂದುಬಣ್ಣಕ್ಕೆ ತಿರುಗಿ ಸುಟ್ಟ ಸಕ್ಕರೆಯ ವಾಸನೆ ಬಂದರೆ ಮಾತ್ರ ವಾಪಸ್ ಕೊಡಿ.

ಮೊದಲನೆಯ ಚೀಲ ಖಾಯಂ.

ಆರಿದ್ರಾ – ಹಾಲಿನಿಂದ ಪುಡಿಗೆ

ಮೊದಲ ವಾರ ತಾಯಿಹಾಲೇ. ಎರಡನೆಯ ವಾರದಲ್ಲಿ ಕಾಲುಭಾಗ, ಅರ್ಧ, ಮುಕ್ಕಾಲು ಅಂತ ನಾಲ್ಕು ದಿನದಲ್ಲಿ ಪೂರ್ತಿ ಪುಡಿಗೆ ತಂದದ್ದು.

ಚೀಲದ ಮೇಲಿನ ಸೂಚನೆ ದಿನಕ್ಕೆ 300 ಗ್ರಾಂ ಅನ್ನುತ್ತದೆ. 30 ಕೆಜಿ ಕರು ಬೆಳೆಯದೆ ಸುಮ್ಮನೆ ಇದ್ದ ಹಾಗೇ ಇರಲಿಕ್ಕೇ ಸುಮಾರು 270 ಗ್ರಾಂ ಬೇಕು. ಉಳಿದ 30 ಗ್ರಾಂನಲ್ಲಿ ಏನು ಬೆಳೆದೀತು? ನಮ್ಮ ಅಳತೆ ದಿನಕ್ಕೆ ಎರಡು ಹೊತ್ತು ಸೇರಿ ನಾಲ್ಕು ಲೀಟರ್, 500 ಗ್ರಾಂ ಪುಡಿ; ಮೂರನೆಯ ವಾರದಿಂದ ಐದು ಲೀಟರ್, 625 ಗ್ರಾಂ.

ಕುಡಿಸುವುದು ನಿಪ್ಪಲ್ ಬಾಟಲಿಯಲ್ಲೇ, ಕರುವಿನ ಕತ್ತು ತುಸು ಮೇಲಕ್ಕಿರುವಂತೆ. ಚೀಪಿದಾಗ ಹಾಲು ನೇರ ನಾಲ್ಕನೆಯ ಹೊಟ್ಟೆಗೆ ಇಳಿಯುತ್ತದೆ. ಬಕೆಟ್ಟಿನಲ್ಲಿ ಗಟಗಟ ಕುಡಿದದ್ದು ಮೊದಲ ಹೊಟ್ಟೆಗೆ ಹೋಗಿ ಹುಳಿಯುವುದುಂಟು. ಆಗ ಸಗಣಿ ಜೇಡಿಮಣ್ಣಿನಂತಾಗಿ ಹೊಟ್ಟೆ ಉಬ್ಬುತ್ತದೆ.

ಪುನರ್ವಸು – ಕಲಸುವ ತೊಂದರೆಗಳು

ಬಾವಿ ನೀರು ಕದಡಿದೆ. ಕುದಿಸಿ ಆರಿಸಿದ್ದೇ ಬಳಸಬೇಕು. ಬಚ್ಚಲ ಹಂಡೆಯ ನೀರನ್ನು ಕೈಯಲ್ಲಿ ಮುಟ್ಟಿ ಅಂದಾಜು ಮಾಡಿದರೆ ಆಗದು, ಥರ್ಮಾಮೀಟರ್ ಇಡಿ. ಕಲಸುವಾಗ 45ರಿಂದ 50 ಡಿಗ್ರಿ, ಕುಡಿಸುವಾಗ 39–40. ಕಲಸುವ ನೀರು ತಣ್ಣಗಿದ್ದರೆ ಕೊಬ್ಬು ಬೆರೆಯದೆ ಜಿಡ್ಡಾಗಿ ಮೇಲೆ ತೇಲುತ್ತದೆ. 60 ದಾಟಿದರೆ ವೇ ಪ್ರೋಟೀನು ಕೆಡುತ್ತದೆ. ಅರ್ಧ ನೀರಿಗೆ ಪುಡಿ ಉದುರಿಸಿ, ಕಡೆಗೋಲಿನಲ್ಲಿ ಗಂಟಿಲ್ಲದಂತೆ ಕಡೆದು, ಆಮೇಲೆ ಉಳಿದ ನೀರು. ಒಂದು ಲೀಟರ್ ನೀರಿಗೆ 125 ಗ್ರಾಂ ಹಾಕುವುದಲ್ಲ, ಎಲ್ಲಾ ಸೇರಿ ಒಂದು ಲೀಟರ್ ಆಗಬೇಕು. ಇಲ್ಲದಿದ್ದರೆ ಹಾಲು ತೆಳುವಾಗುತ್ತದೆ.

ಈ ಮಳೆಯಲ್ಲಿ ಬಂದ ನಿಜವಾದ ತೊಡಕು ಅಳತೆ ಲೋಟದ್ದು. ಥಂಡಿ ಹಿಡಿದ ಪುಡಿ ಒತ್ತಾಗಿ ಕೂರುತ್ತದೆ. 125 ಗ್ರಾಂ ಹಿಡಿಯುತ್ತಿದ್ದ ಲೋಟ ತಕ್ಕಡಿಗೆ ಹಾಕಿದರೆ 150 ದಾಟಿತು. ಹಾಲು ಅಷ್ಟು ಗಟ್ಟಿಯಾದರೆ ಕರುಳೊಳಗೆ ನೀರು ಎಳೆದುಕೊಂಡು ಭೇದಿ ಶುರು. 28 ಕೆಜಿಯ ಕರುವಿಗೆ ಆದದ್ದು ಇದೇ. ಹಾಲು ನಿಲ್ಲಿಸಲಿಲ್ಲ, ನಿಲ್ಲಿಸಲೂಬಾರದು. ಎರಡು ಹೊತ್ತಿನ ಹಾಲಿನ ನಡುವೆ ಓಆರ್‌ಎಸ್ ಬೇರೆಯಾಗಿ ಕೊಟ್ಟು, ಪುಡಿಯನ್ನು ತೂಗಿಯೇ ಹಾಕತೊಡಗಿದ ಮೇಲೆ ಸಗಣಿ ಗಟ್ಟಿಯಾಯಿತು. ರಕ್ತ ಕಂಡರೆ, ಕಣ್ಣು ಒಳಸೇರಿದರೆ, ಕರು ಏಳದಿದ್ದರೆ ಡಾಕ್ಟರನ್ನು ಕರೆಸುವುದೇ. ಈಗ ಪುಡಿಯೆಲ್ಲ ಬಿಗಿ ಮುಚ್ಚಳದ ಡಬ್ಬಗಳಿಗೆ ಬದಲಾಗಿದೆ, ಡಬ್ಬಗಳು ನೆಲ ಬಿಟ್ಟು ಹಲಗೆಯ ಮೇಲೆ. ಒಡೆದ ಚೀಲವನ್ನು ತಿಂಗಳೊಳಗೆ ಮುಗಿಸಬೇಕು. ಕರುವಿನ ಕೆಳಗೆ ಒಣ ದರಗು ದಿನಾ ಬದಲಾಗುತ್ತಿದೆ.

ಆಶ್ಲೇಷ – ಈಗಿನ ಸ್ಥಿತಿ

ಎದೆಸುತ್ತಳತೆಯ ಟೇಪಿನಲ್ಲಿ 46, 51, 53 ಕೆಜಿ. ಎರಡು ತಿಂಗಳಿಗೆ ಹುಟ್ಟುತೂಕದ ಎರಡರಷ್ಟು ಎಂಬುದು ಗುರಿ. ಭೇದಿಯಾದದ್ದು ಹಿಂದೆ ಬಿದ್ದಿದೆ. ಕಾಫ್ ಸ್ಟಾರ್ಟರ್ (ಎಳೆಗರುವಿನ ಹಿಂಡಿ) ದೊಡ್ಡವೆರಡು ದಿನಕ್ಕೆ 700 ಗ್ರಾಂ, ಚಿಕ್ಕದು 450 ಗ್ರಾಂ ತಿನ್ನುತ್ತಿವೆ. ಕುಡಿಯುವ ನೀರು ಬೇರೆ ಬಕೆಟ್ಟಿನಲ್ಲಿ ಸದಾ ಇದೆ, ಅದಿಲ್ಲದೆ ಸ್ಟಾರ್ಟರ್ ಮುಟ್ಟುವುದಿಲ್ಲ. ಮೂರು ದಿನ ಸತತವಾಗಿ ದಿನಕ್ಕೆ ಒಂದು ಕೆಜಿ ಸ್ಟಾರ್ಟರ್ ತಿಂದ ಕರುವಿಗೆ ಸಂಜೆಯ ಹಾಲು ಮೊದಲು ನಿಲ್ಲಿಸುವುದು, ವಾರದ ಮೇಲೆ ಬೆಳಗಿನದ್ದು. ವಯಸ್ಸು ನೋಡಿ ಬಿಡಿಸುವುದಿಲ್ಲ.

ಮುಂದಿನ ಕರುಗಳು ಹುಟ್ಟುವುದು ಮಾರ್ಗಶಿರ–ಪುಷ್ಯದ ಚಳಿಗೆ. ರಾತ್ರಿ 15 ಡಿಗ್ರಿಗಿಂತ ಇಳಿದಾಗ ಎಳೆಗರುವಿನ ಶಕ್ತಿ ಮೈ ಬೆಚ್ಚಗಿಟ್ಟುಕೊಳ್ಳಲಿಕ್ಕೇ ಖರ್ಚಾಗುತ್ತದೆ. ಆಗ ಹಾಲನ್ನು ಗಟ್ಟಿ ಮಾಡದೆ, ರಾತ್ರಿ ಮೂರನೆಯ ಹೊತ್ತು ಒಂದು ಲೀಟರ್ ಸೇರಿಸಬೇಕು, ಕೊಬ್ಬು ಶೇ. 20 ಇರುವ ಪುಡಿ ಶಿವಮೊಗ್ಗದಲ್ಲಿ ಸಿಗುತ್ತದೆಯೇ ಎಂದು ವಿಚಾರಿಸುವುದು ಬಾಕಿ.