ರಿಪೋರ್ಟ್ ಬರೋ ಅಷ್ಟ್ರಲ್ಲಿ

14 ಆಗಸ್ಟ್ 2024, ಬುಧವಾರ ರಾತ್ರಿ

ಮಧ್ಯಾಹ್ನದ ಅಬ್ರಪ್ಷನ್ (ಹೆರಿಗೆಗೆ ಮುಂಚೆನೇ ಕಸ ಬಿಟ್ಕೊಳ್ಳೋದು) ಕೇಸು ಈಗ ಸ್ಟೇಬಲ್. ಐಸಿಯುಗೆ ಫೋನ್ ಮಾಡಿ ಕೇಳ್ದೆ, ಬಿಪಿ ನಿಂತಿದೆ, ಯೂರಿನ್ ಬರ್ತಿದೆಯಂತೆ. ಆದ್ರೂ ಆ ಹುಡುಗಿ ಅಮ್ಮ ಕಾರಿಡಾರಲ್ಲಿ ನನ್ನ ಕೈ ಹಿಡ್ಕೊಂಡು ಕೇಳಿದ್ದು ತಲೆಯಿಂದ ಹೋಗ್ತಿಲ್ಲ.

"ಡಾಕ್ಟ್ರಮ್ಮ, ಒಂದರ ಮೇಲೊಂದು ರಕ್ತ ಹಾಕ್ತಾನೇ ಇದೀರಿ, ಅದು ಹೋಗ್ತಾನೇ ಐತಲ್ಲ, ಯಾಕ್ ನಿಲ್ಲಂಗಿಲ್ಲ?"

ರಕ್ತ ಕಟ್ಟೋಕೆ ಫೈಬ್ರಿನೋಜೆನ್ ಅಂತ ಒಂದು ಪ್ರೋಟೀನ್ ಬೇಕಮ್ಮ, ಅದೇ ಎಳೆ ಎಳೆಯಾಗಿ ಹೆಣ್ಕೊಂಡು ರಕ್ತ ನಿಲ್ಸೋದು, ಕಸ ಹೆರಿಗೆಗೆ ಮುಂಚೆನೇ ಬಿಟ್ಕೊಂಡು ನಿಮ್ಮ ಮಗಳದ್ದು ಒಳಗೇ ಖರ್ಚಾಗಿದೆ, ನಾವು ಹಾಕ್ತಿರೋ ಕೆಂಪು ಬ್ಯಾಗಲ್ಲಿ ಅದು ಇಲ್ವೇ ಇಲ್ಲ ಅನ್ನೋಷ್ಟು ಕಮ್ಮಿ ಅಂತ ಹೇಳ್ದೆ. "ಹಂಗಾರೆ ಅದನ್ನೇ ಹಾಕ್ರಲ್ಲ ತಾಯಿ" ಅಂದ್ರು. ಎಷ್ಟು ಸರಿಯಾದ ಮಾತು!

ಹಾಕ್ಬೇಕು ಅಂದ್ರೆ ಎಷ್ಟು ಕಮ್ಮಿಯಾಗಿದೆ ಅಂತ ಗೊತ್ತಾಗ್ಬೇಕಲ್ಲ. ಸ್ಯಾಂಪಲ್ ಲ್ಯಾಬಿಗೆ ಹೋಗಿ, ತಿರುಗ್ಸಿ ಪ್ಲಾಸ್ಮಾ ಬೇರೆ ಮಾಡಿ, ಟೆಸ್ಟ್ ಹಾಕಿ ನಂಬರ್ ಬರೋದ್ರೊಳಗೆ ನಮ್ಮಲ್ಲಿ ಗಂಟೆ ಹತ್ರ ಆಗುತ್ತೆ, ಅಷ್ಟ್ರಲ್ಲಿ ಆ ನಂಬರೇ ಹಳೇದು. ಇನ್ನೊಂದು ಸಂಕಟ, ರಿಪೋರ್ಟಲ್ಲಿ ಫೈಬ್ರಿನೋಜೆನ್ ನಾರ್ಮಲ್ 200 ರಿಂದ 400 (ಡೆಸಿಲೀಟರಿಗೆ ಮಿಲಿಗ್ರಾಂ) ಅಂತ ಪ್ರಿಂಟ್ ಆಗಿರುತ್ತೆ, ಅದು ಗರ್ಭಿಣಿ ಅಲ್ದೇ ಇರೋರಿಗೆ. ತುಂಬು ಬಸುರಿಗೆ 400 ರಿಂದ 600 ಇರ್ಬೇಕು. 220 ಬಂದ್ರೆ ಕಾಗದದ ಮೇಲೆ ನಾರ್ಮಲ್, ಆದ್ರೆ ರಕ್ತ ಹೋಗ್ತಿರೋ ಬಾಣಂತಿಗೆ ಅದು ಎದೆ ಝಲ್ ಅನ್ನೋ ನಂಬರು.

ಇವತ್ತು ಉಳಿಸಿದ್ದು ಸೀನಿಯರ್ ಸಿಸ್ಟರ್. ಯಾರೂ ಹೇಳೋ ಮುಂಚೆನೇ 2 ಎಂಎಲ್ ರಕ್ತ ಒಣಗಿದ ಗಾಜಿನ ಟ್ಯೂಬಿಗೆ ಹಾಕಿ ಮುಷ್ಟಿಯಲ್ಲಿ ಬೆಚ್ಚಗೆ ಹಿಡ್ಕೊಂಡು ಗಡಿಯಾರ ನೋಡ್ತಾ ನಿಂತಿದ್ರು, 4 ನಿಮಿಷ ಆದ್ಮೇಲೆ ಒಂದ್ಸಲ ಬಗ್ಗಿಸಿ ನೋಡಿದ್ರು, ಆಮೇಲೆ ನಿಮಿಷಕ್ಕೊಂದ್ಸಲ. 7 ನಿಮಿಷ ಆದ್ರೂ ರಕ್ತ ಕಟ್ಟದೆ ನೀರ್ ನೀರು. "ಮೇಡಂ, ಕಾಯ್ಬೇಡಿ" ಅಂದ್ರು ಅಷ್ಟೇ. ತಕ್ಷಣ ಬ್ಲಡ್ ಬ್ಯಾಂಕಿಗೆ ಫೋನ್ ಮಾಡಿ ಕ್ರಯೋ (ಫೈಬ್ರಿನೋಜೆನ್ ಜಾಸ್ತಿ ಇರೋ, ಹೆಪ್ಪುಗಟ್ಸಿ ಇಟ್ಟಿರೋ ಪ್ಲಾಸ್ಮಾದ ಭಾಗ) ಕರಗ್ಸೋಕೆ ಹೇಳಿದ್ವಿ, ಅದಕ್ಕೂ ಟೈಮ್ ಬೇಕಲ್ಲ. ಲ್ಯಾಬ್ ರಿಪೋರ್ಟ್ ಬಂದಾಗ ಕ್ರಯೋ ಆಗ್ಲೇ ಹೋಗ್ತಿತ್ತು.

ಆದ್ರೆ ಗಾಜಿನ ಟ್ಯೂಬ್ ನಂಬರ್ ಕೊಡಲ್ಲ. ತೀರಾ ಇಳಿದ್ಮೇಲೆ ಮಾತ್ರ ಹೇಳುತ್ತೆ, 500 ಇದ್ದಿದ್ದು 250 ಕ್ಕೆ ಜಾರ್ತಿರೋದು ಅದಕ್ಕೆ ಕಾಣಲ್ಲ, ನಮಗೆ ಬೇಕಿರೋದು ಅದೇ ಹೊತ್ತು.

ವೇಲ್ಸಲ್ಲಿರೋ ನನ್ನ ಬ್ಯಾಚ್‌ಮೇಟ್ ಹೇಳ್ತಿರ್ತಾಳೆ, ಅಲ್ಲಿ 2017 ರಲ್ಲಿ ಒಬಿಎಸ್ ಕಮ್ರಿ ಅಂತ ಹೆರಿಗೆ ರಕ್ತಸ್ರಾವದ ಕಾರ್ಯಕ್ರಮ ಶುರು ಮಾಡಿ ಹೆರಿಗೆಯಲ್ಲಿ ಹೋದ ರಕ್ತಾನ ಕಣ್ಣಂದಾಜಲ್ಲಿ ಅಲ್ಲ, ತೂಕ ಹಾಕಿ ಅಳೀತಾರೆ, ರಕ್ತ ಹೇಗೆ ಕಟ್ಟುತ್ತೆ ಅಂತ ಅಳೆಯೋ ರೋಟೆಮ್ ಮಶೀನು ಹತ್ರಾನೇ ಇರುತ್ತೆ. ಅದರಲ್ಲಿ ಫಿಬ್ಟೆಮ್ ಅಂತ ಟೆಸ್ಟು, ಪ್ಲೇಟ್ಲೆಟ್ ಕೆಲಸ ತಡೆದು ಫೈಬ್ರಿನೋಜೆನ್ ಒಂದೇ ಎಷ್ಟು ಗಟ್ಟಿ ಕಟ್ಟುತ್ತೆ ಅಂತ ನೋಡುತ್ತೆ, ಹತ್ತು ನಿಮಿಷದ ಆಸುಪಾಸಲ್ಲಿ ಉತ್ತರ. ಆ ಗಟ್ಟಿತನ 12 ಎಂಎಂಗಿಂತ ಕಮ್ಮಿ ಬಂದು ರಕ್ತ ಇನ್ನೂ ಹೋಗ್ತಿದ್ರೆ ಫೈಬ್ರಿನೋಜೆನ್ ಕೊಡೋದು, ಚರ್ಚೆನೇ ಇಲ್ಲ.

ಹೊಟ್ಟೆಕಿಚ್ಚಲ್ಲ, ಆಸೆ. ನಮ್ಮ ಜಿಲ್ಲೆ ಹೆಣ್ಮಕ್ಕಳಿಗೂ ಆ ಹತ್ತು ನಿಮಿಷದ ಉತ್ತರ ಸಿಗ್ಬೇಕು.

ಸೋಮವಾರ ಮೀಟಿಂಗಲ್ಲಿ ಕೇಳ್ತೀನಿ. ಮಶೀನ್ ಒಂದು ತಂದಿಟ್ರೆ ಸಾಲ್ದು, ರೀಜೆಂಟ್ ತಿಂಗಳು ತಿಂಗಳೂ ಬರ್ಬೇಕು, ಕ್ರಯೋ ಸ್ಟಾಕ್ ಇರ್ಬೇಕು, ನೈಟ್ ಶಿಫ್ಟಲ್ಲಿ ನಡ್ಸೋಕೆ ಕಲ್ತೋರು ಇರ್ಬೇಕು, ಮೊದಲು ಸಿಸ್ಟರ್‌ಗೇ ಟ್ರೈನಿಂಗ್ ಕೊಡ್ಸಿ ಅಂತ ಹೇಳೋಣ ಅಂದ್ರೆ ಅವ್ರ ರಿಟೈರ್ಮೆಂಟ್ ಬೇರೆ ಹತ್ರ ಬಂತು, ಅವ್ರ ಜೊತೆ ಹೊಸ ಹುಡ್ಗೀರಲ್ಲಿ ಯಾರನ್ನಾದ್ರೂ ಕಳಿಸ್ಬೇಕು.