ಹಲ್ಲಿನ ಡಾಕ್ಟರು ಎಂಪಿಎಚ್ ಓದಿದ್ದು

ಬಿಡಿಎಸ್ ಮುಗಿಸಿ ಎಂಪಿಎಚ್‌ಗೆ ಸೇರುತ್ತೇನೆ ಅಂದಾಗ ದಾವಣಗೆರೆಯ ನಮ್ಮ ಮನೆಯಲ್ಲಿ ಯಾರಿಗೂ ಅದೇನು ಅಂತ ಗೊತ್ತಾಗಲಿಲ್ಲ. "ಎಂಡಿಎಸ್ ಕೇಳೀನಿ. ಎಂಪಿಎಚ್ ಅಂದ್ರೆ ಯಾವ ಹಲ್ಲಿಂದವ್ವಾ?" ಅಂತ ನಮ್ಮ ಸೋದರಮಾವ ಕೇಳಿದ್ದರು. ಮಾಸ್ಟರ್ ಆಫ್ ಪಬ್ಲಿಕ್ ಹೆಲ್ತ್ ಅಂತ ಬಿಡಿಸಿ ಹೇಳಿದೆ. "ಹಂಗಂದ್ರೆ ಹೆಲ್ತ್ ಇನ್‌ಸ್ಪೆಕ್ಟರಾ?" ಅಂದರು. ಆಗ ಸಿಟ್ಟು ಬಂದಿತ್ತು. ಆಮೇಲೆ ಬೆಂಗಳೂರಿನ ನಮ್ಮ ಕಾಲೇಜಿಗೆ ಬಂದು ನೋಡಿದರೆ, ನಮ್ಮ ಮೇಷ್ಟ್ರುಗಳಿಗೆ ಒಳ್ಳೆ ಹೆಲ್ತ್ ಇನ್‌ಸ್ಪೆಕ್ಟರ್ ಅಂದರೆ ಎಲ್ಲಿಲ್ಲದ ಗೌರವ.

ನಮ್ಮ ಬ್ಯಾಚಿನಲ್ಲಿ ಹಲ್ಲಿನ ಡಾಕ್ಟರುಗಳೇ ಜಾಸ್ತಿ. ಆಯುರ್ವೇದದವರು, ಹೋಮಿಯೋಪತಿಯವರು, ಬಿಎಸ್ಸಿ ನರ್ಸಿಂಗ್ ಮಾಡಿದವರು, ಫಾರ್ಮಸಿಯ ಒಬ್ಬ, ಸ್ಟಾಟಿಸ್ಟಿಕ್ಸ್ ಎಂಎಸ್ಸಿ ಮಾಡಿದ ಒಬ್ಬಳು. ಎಂಬಿಬಿಎಸ್ ಓದಿದವರು ತೀರಾ ಕಡಿಮೆ. ಅದಕ್ಕೆ ಕಾರಣವೂ ಇದೆ. ಎಂಬಿಬಿಎಸ್‌ನವರಿಗೆ ಕಮ್ಯುನಿಟಿ ಮೆಡಿಸಿನ್‌ನಲ್ಲಿ ಎಂಡಿ ಮಾಡುವ ದಾರಿ ಮೊದಲಿಂದಲೂ ಇತ್ತು. ಕೋಲ್ಕತ್ತದಲ್ಲಿ 1932ರಿಂದಲೇ ಸಾರ್ವಜನಿಕ ಆರೋಗ್ಯಕ್ಕೆ ಅಂತ ಒಂದು ಅಖಿಲ ಭಾರತ ಸಂಸ್ಥೆ ಇದೆ. ಆದರೂ ಈಗ ನಾವು ಹೇಳುವ ಎಂಪಿಎಚ್ ಇಲ್ಲಿ ಶುರುವಾದದ್ದು 1997ರಲ್ಲಿ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರದಲ್ಲಿ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂತು. ಜಿಲ್ಲೆಗಳಿಗೆ ಪ್ರೋಗ್ರಾಂ ಮ್ಯಾನೇಜರ್‌ಗಳು ಬೇಕಾದರು. ಮರುವರ್ಷ ಈ ಕ್ಷೇತ್ರದ ತರಬೇತಿಗೆ ಅಂತ ಪಬ್ಲಿಕ್ ಹೆಲ್ತ್ ಫೌಂಡೇಶನ್ ಆಫ್ ಇಂಡಿಯಾ ಹುಟ್ಟಿತು. ಆ ಅಲೆಯಲ್ಲಿ ಅಲ್ಲಲ್ಲಿ ಕೋರ್ಸುಗಳು ಶುರುವಾದವು. ನಮ್ಮ ವಿಭಾಗವೂ ಆ ಅಲೆಯದೇ ಕೂಸು.

ಎಪಿಡೆಮಿಯಾಲಜಿ (ಕಾಯಿಲೆ ಯಾರಿಗೆ, ಎಲ್ಲಿ, ಯಾಕೆ ಬರುತ್ತದೆ ಅನ್ನುವ ಶಾಸ್ತ್ರ) ಪಾಠ ಮಾಡುತ್ತಿದ್ದ ಮೇಡಂ ಬಗ್ಗೆ ಹಳಬರು ಯಾರನ್ನು ಕೇಳಿದರೂ ಒಂದೇ ಮಾತು ಹೇಳುತ್ತಾರೆ: "ಎಷ್ಟು ಜನರಲ್ಲಿ?" ಬೆಳಿಗ್ಗೆ ಪೇಪರಿನಲ್ಲಿ ಬಂದ ಸುದ್ದಿಯನ್ನು ಯಾರಾದರೂ ಓದಬೇಕು. ಇಂಥ ತಾಲ್ಲೂಕಿನಲ್ಲಿ ಇಷ್ಟು ಡೆಂಗಿ ಕೇಸು ಅಂತ ನಾವು ಓದುವುದು, ಮೇಡಂ "ಎಷ್ಟು ಜನರಲ್ಲಿ?" ಅನ್ನುವುದು. ಜನಸಂಖ್ಯೆ ಹುಡುಕಿ ತಂದರೆ ಮುಂದಿನ ಪ್ರಶ್ನೆ ರೆಡಿ: "ಅವರಲ್ಲಿ ಎಷ್ಟು ಜನರಿಗೆ ಟೆಸ್ಟ್ ಮಾಡಿದ್ದಾರೆ?" ಅದನ್ನೂ ತಂದರೆ "ಟೆಸ್ಟ್ ಎಲ್ಲಿ ಮಾಡ್ತಾರೆ? ಅಲ್ಲಿಗೆ ಹೋಗೋಕೆ ಬಸ್ ಇದೆಯಾ?" ಬಸ್ಸಿಗೂ ಡೆಂಗಿಗೂ ಏನು ಸಂಬಂಧ ಅಂತ ಮೊದಲು ನಗು ಬರುತ್ತಿತ್ತು. ಬಸ್ ಇಲ್ಲದ ಊರಲ್ಲಿ ಟೆಸ್ಟ್ ಆಗುವುದಿಲ್ಲ, ಟೆಸ್ಟ್ ಆಗದ ಊರಲ್ಲಿ ಕಾಯಿಲೆಯೇ ಇಲ್ಲ ಅಂತ ರಿಜಿಸ್ಟರ್ ಹೇಳುತ್ತದೆ, ಅಷ್ಟೇ.

ಕಾಲರಾ ನೀರಿನಿಂದ ಹರಡುತ್ತದೆ ಅಂತ ತೋರಿಸಿದ ಲಂಡನ್ನಿನ ಡಾಕ್ಟರ್ ಜಾನ್ ಸ್ನೋ, ಬ್ರಾಡ್ ಸ್ಟ್ರೀಟ್ ಪಂಪ್, 1854ರ ಕಾಲರಾ, ಇದೆಲ್ಲ ಎಲ್ಲ ಕಡೆಯೂ ಹೇಳುವ ಪಾಠ, ಬಿಡಿ. ನಮ್ಮ ಮೇಡಂ ಅದನ್ನು ಬೇಗ ಮುಗಿಸಿ ನಮ್ಮ ಊರುಗಳಿಗೆ ಬರುತ್ತಿದ್ದರು. 1957ರಲ್ಲಿ ಸೊರಬದ ಕಡೆ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದ್ದು, ಸುತ್ತಲ ಹಳ್ಳಿಗಳಲ್ಲಿ ಜನರಿಗೆ ಜ್ವರ ಬಂದದ್ದು, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಉಣುಗಿನಿಂದ ಹರಡುವ ಹೊಸ ವೈರಸ್ ಪತ್ತೆ ಹಚ್ಚಿದ್ದು. ಸಾಗರದಿಂದ ಬಂದಿದ್ದ ನಮ್ಮ ಕ್ಲಾಸ್‌ಮೇಟ್ ಒಬ್ಬಳಿಗೆ ಇದು ಪಾಠವೇ ಅಲ್ಲ, ಮನೆ ಸುದ್ದಿ. "ಕಾಡಿಗೆ ಹೋಗಬೇಡಿ ಅಂತ ಪೋಸ್ಟರ್ ಅಂಟಿಸ್ತಾರೆ ಮೇಡಂ. ಸೌದೆ, ತರಗೆಲೆ ಎಲ್ಲಾ ಎಲ್ಲಿಂದ ತರೋದು?" ಅಂತ ಅವಳು ಕೇಳಿದಳು. ಮೇಡಂ ಉತ್ತರ ಕೊಡಲಿಲ್ಲ. ಬೋರ್ಡಿನ ಮೇಲೆ ಅದನ್ನೇ ಪ್ರಶ್ನೆಯಾಗಿ ಬರೆದು, ಮುಂದಿನ ವಾರದ ಅಸೈನ್‌ಮೆಂಟ್ ಅಂದರು.

ಪರಿಸರ ಆರೋಗ್ಯದ ಸರ್ ಕ್ಲಾಸಿನಲ್ಲಿ ಕೂರಿಸುತ್ತಿದ್ದದ್ದು ಕಡಿಮೆ. ಒಂದು ಶನಿವಾರ ಎಲ್ಲರನ್ನೂ ಮಲ್ಲೇಶ್ವರಕ್ಕೆ ಕರೆದುಕೊಂಡು ಹೋದರು. ನಾವು ಸಿಟಿಆರ್ ಹೋಟೆಲಿನ ದೋಸೆಯ ಆಸೆಯಲ್ಲಿ ಹೋದವರು. ಅವರು ತೋರಿಸಿದ್ದು ಎರಡು ಸಾಲು ಮನೆಗಳ ಬೆನ್ನ ಹಿಂದಿನ ಕಿರಿದಾದ ಓಣಿ. ಕನ್ಸರ್ವೆನ್ಸಿ ಲೇನ್. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬಂದರು. ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು ಆ ಭಯದಲ್ಲೇ. ಅಗಲ ರಸ್ತೆ, ಮನೆ ಮನೆ ನಡುವೆ ಗಾಳಿ ಬೆಳಕು, ಹಿಂದೆ ಈ ಓಣಿ. ಫ್ಲಶ್ ಇಲ್ಲದ ಕಾಲದಲ್ಲಿ ಪಾಯಿಖಾನೆಯ ಮಲವನ್ನು ಈ ಓಣಿಯಿಂದ ಹೊತ್ತುಕೊಂಡು ಹೋಗುತ್ತಿದ್ದರು. ಸರ್ ಇಷ್ಟು ಹೇಳಿ, "ಹೊತ್ತುಕೊಂಡು ಹೋಗ್ತಿದ್ದವರಿಗೆ ಯಾವ ಲೇಔಟ್ ಮಾಡಿಕೊಟ್ಟರು?" ಅಂತ ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ದೋಸೆ ಅವರೇ ಕೊಡಿಸಿದರು.

ಬಯೋಸ್ಟಾಟಿಸ್ಟಿಕ್ಸ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಸ್ಟಾಟಿಸ್ಟಿಕ್ಸ್ ಎಂಎಸ್ಸಿಯವಳು ಇದ್ದಳು ಅಂತ ನಾವೆಲ್ಲ ಪಾಸಾದೆವು.

ಆಸ್ಪತ್ರೆ ನಿರ್ವಹಣೆಯ ಪೇಪರ್ ಮಾತ್ರ ನಾನು ಅಂದುಕೊಂಡದ್ದಕ್ಕಿಂತ ರುಚಿಯಾಗಿತ್ತು. ಔಷಧಿ ಉಗ್ರಾಣದ ಪಾಠವನ್ನೇ ತೆಗೆದುಕೊಳ್ಳಿ. ಎಬಿಸಿ, ವಿಇಡಿ ಅಂತ ಎರಡು ವಿಂಗಡಣೆ ಇವೆ. ಎಬಿಸಿ ದುಡ್ಡಿನ ಲೆಕ್ಕ: ಪಟ್ಟಿಯಲ್ಲಿರುವ ಕೆಲವೇ ಔಷಧಿಗಳು ಬಜೆಟ್ಟಿನ ದೊಡ್ಡ ಪಾಲು ತಿನ್ನುತ್ತವೆ, ಅವು ಎ. ವಿಇಡಿ ಜೀವದ ಲೆಕ್ಕ: ಇಲ್ಲದಿದ್ದರೆ ರೋಗಿ ಉಳಿಯುವುದಿಲ್ಲ ಅನ್ನುವಂಥವು ವಿ, ಬೇಕೇ ಬೇಕಾದವು ಇ, ಇದ್ದರೆ ಒಳ್ಳೆಯದು ಅನ್ನುವವು ಡಿ. ಎರಡನ್ನೂ ಸೇರಿಸಿ ಕೋಷ್ಟಕ ಮಾಡಿದಾಗ ಒಂದು ಮೂಲೆಯಲ್ಲಿ ಅಡ್ರಿನಾಲಿನ್‌ನಂಥ ಔಷಧಿಗಳು ಬಂದು ಕೂರುತ್ತವೆ. ಬೆಲೆ ಅಗ್ಗ, ಆದರೆ ಇಲ್ಲದಿದ್ದರೆ ಹೆಣ ಬೀಳುತ್ತದೆ. ಅಗ್ಗ ಅನ್ನುವ ಕಾರಣಕ್ಕೇ ಅವುಗಳ ಮೇಲೆ ದೊಡ್ಡ ಸಾಹೇಬರ ಕಣ್ಣು ಬೀಳುವುದಿಲ್ಲ. ಖಾಲಿಯಾದದ್ದು ಗೊತ್ತಾಗುವುದು ಬೇಕಾದ ದಿನವೇ.

ಅದೇ ಪೇಪರಿಗಾಗಿ ಒಂದು ಆಸ್ಪತ್ರೆಯ ಓಪಿಡಿಯಲ್ಲಿ (ಹೊರರೋಗಿ ವಿಭಾಗದಲ್ಲಿ) ನಿಂತು ಸಮಯ ಬರೆದುಕೊಳ್ಳುವ ಕೆಲಸವಿತ್ತು. ಬಂದ ರೋಗಿಯ ಕೈಗೆ ಒಂದು ಚೀಟಿ. ನೋಂದಣಿ ಕೌಂಟರ್, ಡಾಕ್ಟರ ಕೋಣೆ, ಲ್ಯಾಬ್, ಫಾರ್ಮಸಿ ಕಿಟಕಿ, ಪ್ರತಿ ಕಡೆಯೂ ನಮ್ಮವರೊಬ್ಬರು ಕೂತು ಗಂಟೆ ನಿಮಿಷ ಬರೆಯುವುದು. ಡಾಕ್ಟರುಗಳು ನಿಧಾನ, ಅದಕ್ಕೇ ಕ್ಯೂ ಅಂತ ಅಲ್ಲಿಯ ಆಡಳಿತದವರು ಮೊದಲೇ ತೀರ್ಮಾನ ಮಾಡಿಕೊಂಡಿದ್ದರು. ಚೀಟಿಗಳು ಬೇರೆಯದೇ ಹೇಳಿದವು. ಡಾಕ್ಟರ ಎದುರು ರೋಗಿ ಕೂತದ್ದು ಎರಡು ಮೂರು ನಿಮಿಷ. ಬೆಳಗಿನ ಹೊತ್ತೆಲ್ಲ ಹೋಗುತ್ತಿದ್ದದ್ದು ಲ್ಯಾಬ್ ಮುಂದೆ. ರಕ್ತದ ಸ್ಯಾಂಪಲ್‌ಗಳನ್ನು ಒಟ್ಟು ಹಾಕಿ ಒಂದೇ ಸಲ ಪರೀಕ್ಷೆ ಮಾಡುತ್ತಿದ್ದರು, ರಿಪೋರ್ಟ್ ಕೈಗೆ ಬರುವ ಹೊತ್ತಿಗೆ ಓಪಿಡಿ ಮುಚ್ಚುತ್ತಿತ್ತು. ರಿಪೋರ್ಟ್ ತೋರಿಸಲು ಬಂದವರೇ ಮರುದಿನದ ಕ್ಯೂ. ಅದರ ಮೇಲೆ ಹಳ್ಳಿ ಕಡೆಯ ಬಸ್ಸುಗಳೆಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂದು ಜನರನ್ನು ಇಳಿಸುತ್ತಿದ್ದವು. ಮತ್ತೆ ಬಸ್ಸು! ಮೇಡಂಗೆ ಹೇಳಿದಾಗ ನಕ್ಕರು.

ಇನ್ನು ಸಮೀಕ್ಷೆ. ಮಕ್ಕಳ ಲಸಿಕೆ ಎಷ್ಟರಮಟ್ಟಿಗೆ ತಲುಪಿದೆ ಅಂತ ನೋಡಲು 30 ಕ್ಲಸ್ಟರ್ ವಿಧಾನ ಅಂತ ಒಂದಿದೆ. ಹಳ್ಳಿಗಳ ಜನಸಂಖ್ಯೆಯನ್ನು ಒಂದರ ಮೇಲೊಂದು ಕೂಡಿಸುತ್ತಾ ಹೋಗಿ, ಸಮ ಅಂತರದಲ್ಲಿ 30 ಜಾಗ ಆರಿಸಬೇಕು. ಪ್ರತಿ ಜಾಗದಲ್ಲಿ 12ರಿಂದ 23 ತಿಂಗಳಿನ 7 ಮಕ್ಕಳು. ಒಟ್ಟು 210. ಯಾವ ಮನೆಯಿಂದ ಶುರು ಮಾಡುವುದು? ಊರ ನಡುವೆ ನಿಂತು ಬಾಟಲಿಯನ್ನೋ ಪೆನ್ನನ್ನೋ ತಿರುಗಿಸಬೇಕು. ಅದರ ಮೂತಿ ಯಾವ ಕಡೆ ನಿಲ್ಲುತ್ತದೋ ಆ ದಿಕ್ಕು. ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಅರಳಿಕಟ್ಟೆ ಮೇಲೆ ನಾವು ಪೆನ್ನು ತಿರುಗಿಸುವಾಗ ಅರ್ಧ ಊರು ಸೇರಿತ್ತು. ಶಾಸ್ತ್ರ ಹೇಳುವವರು ಅಂದುಕೊಂಡರೋ ಏನೋ. ಒಬ್ಬ ಅಜ್ಜ ಕೈ ಮುಂದೆ ಚಾಚಿದ್ದಂತೂ ನಿಜ.

ಪೆನ್ನು ತೋರಿಸಿದ್ದು ಊರಾಚೆಯ ಕೇರಿಯ ಕಡೆ. ಪಂಚಾಯ್ತಿ ಮೆಂಬರ್ ಒಬ್ಬರು, "ಅಲ್ಲಿಗ್ಯಾಕೆ ಹೋಗ್ತೀರಮ್ಮ ಬಿಸಿಲಲ್ಲಿ? ಇಲ್ಲೇ ನಮ್ಮ ಬೀದೀಲಿ ಬೇಕಾದಷ್ಟು ಮಕ್ಕಳವೆ, ಎಲ್ಲಾರ್ದೂ ತಾಯಿ ಕಾರ್ಡ್ ಇದೆ, ಬನ್ನಿ ಕಾಫಿ ಕುಡೀರಿ" ಅಂತ ಕರೆದರು. ಒಳ್ಳೆ ಮನಸ್ಸಿನಿಂದಲೇ ಕರೆದದ್ದು. ಆದರೆ ಸಮೀಕ್ಷೆಗಳು ದಾರಿ ತಪ್ಪುವುದು ಇಂಥ ಕಾಫಿಯಲ್ಲೇ. ಲಸಿಕೆಯ ವಿವರ ಬರೆದ ಕಾರ್ಡ್ ಇರುವ, ರಸ್ತೆ ಪಕ್ಕದ, ಮಾತಾಡಲು ಪುರುಸೊತ್ತಿರುವ ಮನೆಗಳು ತಾವಾಗಿಯೇ ಸಿಗುತ್ತವೆ. ಕೇರಿಗೇ ಹೋದೆವು. ಅಲ್ಲಿ ತಾಯಂದಿರೆಲ್ಲ ಕೂಲಿಗೆ ಹೋಗಿದ್ದರು. ಆಶಾ ಕಾರ್ಯಕರ್ತೆ ಜೊತೆಗೆ ಸಂಜೆ ಆರರ ಮೇಲೆ ಮತ್ತೆ ಹೋಗಿ ಕಾರ್ಡ್ ನೋಡಬೇಕಾಯಿತು.

ತುಮಕೂರಿಗೆ ಹೋಗುವ ಮೊದಲು ಮೇಡಂ ನಮ್ಮಿಂದ ಒಂದು ಹಳೆಯ ಸಂಶೋಧನಾ ಪೇಪರ್ ಓದಿಸಿದ್ದರು. ನನ್ನ ಮಟ್ಟಿಗೆ ಇಡೀ ಕೋರ್ಸು ಅಂದರೆ ಆ ಪೇಪರ್. ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಅಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ ಇದೇ ತುಮಕೂರು ಜಿಲ್ಲೆಯಲ್ಲಿ ಕ್ಷಯ ಇದ್ದವರನ್ನು ಮನೆಗೇ ಹೋಗಿ ಮಾತಾಡಿಸಿದರು. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಅದು ಪ್ರಕಟವಾಯಿತು. ಹಳ್ಳಿಯ ಜನಕ್ಕೆ ತಿಳಿವಳಿಕೆ ಇಲ್ಲ, ಕೆಮ್ಮಿದರೂ ಆಸ್ಪತ್ರೆಗೆ ಬರುವುದಿಲ್ಲ ಅಂತ ಆಗ ಎಲ್ಲರೂ ಹೇಳುತ್ತಿದ್ದರು. ಇವರು ಕಂಡದ್ದು ಬೇರೆ. ತಮಗೇನೋ ಆಗಿದೆ ಅಂತ ಬಹುತೇಕ ಎಲ್ಲರಿಗೂ ಗೊತ್ತಿತ್ತು. ಹೆಚ್ಚುಕಡಿಮೆ ಅರ್ಧದಷ್ಟು ಜನ ಚಿಕಿತ್ಸೆ ಹುಡುಕಿಕೊಂಡು ಆಗಲೇ ಹೋಗಿ ಬಂದಿದ್ದರು. ಹೋದವರಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. ಕಫ ಪರೀಕ್ಷೆ ಅಲ್ಲ.

ಹಾಗಾದರೆ ವ್ಯಾನಿನಲ್ಲಿ ಮೈಕ್ ಕಟ್ಟಿಕೊಂಡು ಪ್ರಚಾರ ಮಾಡುವುದಕ್ಕಿಂತ ಮೊದಲು, ಬಾಗಿಲಿಗೆ ಬಂದವರ ಕಫ ನೋಡುವ ಏರ್ಪಾಡು ಆಗಬೇಕು ಅಲ್ವಾ? ಕ್ಷಯಕ್ಕೆ ಬೇರೆ ಆಸ್ಪತ್ರೆ ಅಂತ ಮಾಡದೆ, ಜನ ಹೇಗೂ ಹೋಗುವ ಸಾಮಾನ್ಯ ಆಸ್ಪತ್ರೆಗಳಲ್ಲೇ ಸೂಕ್ಷ್ಮದರ್ಶಕ, ಮಾತ್ರೆ ಇಡುವ ರಾಷ್ಟ್ರೀಯ ಕಾರ್ಯಕ್ರಮದ ಹಿಂದೆ ಈ ಯೋಚನೆ ಇತ್ತು. ನಮ್ಮ ಕಾಲೇಜಿನಿಂದ ಬಸ್ಸಿನಲ್ಲಿ ಹೋಗಿಬರಬಹುದಾದ ಊರುಗಳಲ್ಲಿ ಕೇಳಿದ ನಾಲ್ಕು ಪ್ರಶ್ನೆ ಇಡೀ ದೇಶದ ಕಾರ್ಯಕ್ರಮದ ರೂಪ ಬದಲಿಸಲು ನೆರವಾಯಿತು. ಹಾಸ್ಟೆಲಿನಲ್ಲಿ ಅದನ್ನು ಓದಿ ಮುಗಿಸಿದ ರಾತ್ರಿ ಎಂಡಿಎಸ್ ಸೀಟಿನ ಚಿಂತೆ ನನ್ನಿಂದ ಪೂರ್ತಿ ಹೋಯಿತು.

ನನ್ನ ಡಿಸರ್ಟೇಶನ್, ಅಂದರೆ ಕೋರ್ಸಿನ ಸಂಶೋಧನಾ ಪ್ರಬಂಧ, ಬಿಪಿ ಮಾತ್ರೆ ಬಗ್ಗೆ. ಮಾತ್ರೆ ಮಧ್ಯದಲ್ಲೇ ಬಿಟ್ಟವರನ್ನು ಹುಡುಕಿ ಮಾತಾಡಿಸುವುದು. ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಸಿಬ್ಬಂದಿ ಕೊಟ್ಟ ಕಾರಣ ಸರಳ: "ಹೇಳಿದ ಮಾತು ಕೇಳಲ್ಲ ಇವರು." ಮನೆಗಳಲ್ಲಿ ಕೂತು ಕೇಳಿದರೆ ಲೆಕ್ಕವೇ ಬೇರೆ. ಸ್ಟಾಕ್ ಕಡಿಮೆ ಅಂತ ಕೊಡುವುದು ಹತ್ತು ದಿನದ ಮಾತ್ರೆ. ತೆಗೆದುಕೊಳ್ಳಲು ಹೋದ ದಿನ ಕೂಲಿ ಇಲ್ಲ. ತಿಂಗಳಿಗೆ ಮೂರು ದಿನದ ಕೂಲಿ ಕೊಟ್ಟು ಯಾರು ಪುಕ್ಕಟೆ ಮಾತ್ರೆ ತರುತ್ತಾರೆ? "ಮಾತ್ರೆ ಪುಕ್ಸಟ್ಟೆ ಕಣಮ್ಮ, ಹೋಗಿಬರೋದೇ ದುಬಾರಿ" ಅಂತ ಒಬ್ಬ ಅಜ್ಜಿ ಅಂದರು. ಆ ಸಾಲನ್ನು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಹೊರಗಿನ ಪರೀಕ್ಷಕರು ಎರಡು ಸಲ ಓದಿಸಿದರು. ಬ್ಯಾನರ್ಜಿ ಪೇಪರ್ ಬಂದು ಐವತ್ತು ವರ್ಷ ಆಗಿತ್ತು. ಕಾಯಿಲೆ ಬದಲಾಗಿತ್ತು, ಬೈಗುಳ ಅದೇ ಇತ್ತು.

ಕೆಲಸದ ವಿಷಯ ಈಗಿನ ವಿದ್ಯಾರ್ಥಿಗಳು ಫೋನ್ ಮಾಡಿದಾಗಲೆಲ್ಲ ಕೇಳುತ್ತಾರೆ, ಅದಕ್ಕೆ ಬರೆಯುತ್ತೇನೆ. ಕೆಲಸ ಸಿಗುತ್ತದೆ, ಆದರೆ ಹೆಚ್ಚಿನವು ಗುತ್ತಿಗೆ ಮೇಲೆ. ಸರ್ಕಾರದ ಯೋಜನೆಗಳು, ಎನ್‌ಜಿಒಗಳು, ಖಾಸಗಿ ಆಸ್ಪತ್ರೆಗಳ ಗುಣಮಟ್ಟ ವಿಭಾಗ, ಇನ್ಶೂರೆನ್ಸ್ ಕಂಪನಿ. ಪಕ್ಕದ ತಮಿಳುನಾಡಿನಲ್ಲಿ ಸಾರ್ವಜನಿಕ ಆರೋಗ್ಯಕ್ಕೇ ಪ್ರತ್ಯೇಕ ನಿರ್ದೇಶನಾಲಯ ಇದೆ, 1939ರ ಮದ್ರಾಸ್ ಕಾಯ್ದೆಯ ಬಲ ಇದೆ. ಕೇಂದ್ರ ಸರ್ಕಾರ 2022ರಲ್ಲಿ ಎಲ್ಲ ರಾಜ್ಯಗಳೂ ಸಾರ್ವಜನಿಕ ಆರೋಗ್ಯಕ್ಕೇ ಮೀಸಲಾದ ಸಿಬ್ಬಂದಿಯ ಒಂದು ಕೇಡರ್ ಮಾಡಿಕೊಳ್ಳಲಿ ಅಂತ ಮಾರ್ಗದರ್ಶಿ ಹೊರಡಿಸಿತು. 2020ರ ಮಾರ್ಚಿನಲ್ಲಿ ಕಲಬುರಗಿಯಲ್ಲಿ ದೇಶದ ಮೊದಲ ಕೋವಿಡ್ ಸಾವು ವರದಿಯಾದ ಮೇಲೆ ನಮ್ಮಂಥವರಿಗೆ ಒಂದೆರಡು ವರ್ಷ ಭಾರೀ ಬೇಡಿಕೆ ಇತ್ತು. ಅಲೆ ಇಳಿದ ಮೇಲೆ ಗುತ್ತಿಗೆಗಳೂ ಮುಗಿದವು. ಇದನ್ನು ತಿಳಿದುಕೊಂಡೇ ಸೇರಿ ಅಂತ ನಾನು ಹೇಳುತ್ತೇನೆ, ಸೇರಬೇಡಿ ಅಂತಲ್ಲ.

ಒಂದು ದೂರು ಉಳಿದಿದೆ, ಕಾಲೇಜು ಮ್ಯಾಗಜಿನ್‌ನಲ್ಲಿ ಬರೆಯಲು ಜಾಗ ಸಿಕ್ಕಿದೆ ಅಂತ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಡಿಸರ್ಟೇಶನ್‌ಗಳೆಲ್ಲ ಲೈಬ್ರರಿಯ ಗಾಜಿನ ಬೀರುವಿನಲ್ಲಿ ಕಪ್ಪು ಬೈಂಡ್ ಹಾಕಿಸಿಕೊಂಡು ಕೂತಿವೆ. ಬೀಗದ ಕೈ ಯಾರ ಹತ್ತಿರ ಇದೆಯೋ! ನಾವು ಯಾರ ಮನೆಗೆ ಹೋಗಿ ಕಾಫಿ ಕುಡಿದು ಪ್ರಶ್ನೆ ಕೇಳಿ ಬಂದೆವೋ ಅವರಿಗೆ, ಆ ಪಿಎಚ್‌ಸಿಯವರಿಗೆ, ಏನು ಕಂಡಿತು ಅಂತ ನಾವು ತಿರುಗಿ ಹೇಳಿಲ್ಲ. ಪ್ರತಿ ವರ್ಷ ಈ ಮ್ಯಾಗಜಿನ್‌ನಲ್ಲಿ ಒಂದೊಂದು ಡಿಸರ್ಟೇಶನ್‌ಗೆ ಎರಡೆರಡು ಪುಟ ಕೊಡಿ, ಕನ್ನಡದಲ್ಲಿ. ಆ ಪುಟಗಳನ್ನೇ ಜೆರಾಕ್ಸ್ ಮಾಡಿಸಿ ಆಯಾ ತಾಲ್ಲೂಕು ಆರೋಗ್ಯಾಧಿಕಾರಿಗೆ, ಗ್ರಾಮ ಪಂಚಾಯ್ತಿಗೆ ಕಳಿಸಿ. ಜೆರಾಕ್ಸ್ ಖರ್ಚು ನಮ್ಮ ಬ್ಯಾಚಿನವರು ನೋಡಿಕೊಳ್ಳುತ್ತೇವೆ, ವಾಟ್ಸಾಪ್ ಗ್ರೂಪಿನಲ್ಲಿ ಆಗಲೇ ಮಾತಾಗಿದೆ. ಬಿಪಿ ಮಾತ್ರೆಯ ಎರಡು ಪುಟ ಬರೆಯುತ್ತಿದ್ದೇನೆ, ಮುಂದಿನ ಸಂಚಿಕೆಯ ಹೊತ್ತಿಗೆ ನಿಮ್ಮ ಕೈ ಸೇರುತ್ತದೆ.