ತಿರುಗಿ ಬಿದ್ದ ಮೇಲೆ ಏನಾಯಿತು?

ಡಬ್ಲ್ಯುಡಬ್ಲ್ಯುಇ ಕುಸ್ತಿಪಟು ಜಾನ್ ಸೀನಾ ಹೀಲ್, ಅಂದರೆ ಕಥೆಯ ಕೆಟ್ಟವ, ಆದದ್ದು ಸರಿಯೋ ತಪ್ಪೋ ಎಂಬ ಜಗಳ ಮಂಗಳೂರು, ಉಡುಪಿಯ ರೆಸ್ಲಿಂಗ್ ಬಳಗಗಳಲ್ಲಿ ಇನ್ನೂ ಆರಿಲ್ಲ. 2025ರ ಮಾರ್ಚ್ 1ರಂದು ಟೊರೊಂಟೊದಲ್ಲಿ ನಡೆದ ಪ್ರದರ್ಶನ ಎಲಿಮಿನೇಷನ್ ಚೇಂಬರ್‌ನಲ್ಲಿ, ನಮ್ಮ ಲೆಕ್ಕದಲ್ಲಿ ಭಾನುವಾರ ಬೆಳಿಗ್ಗೆ, ಸೀನಾ ಆಗಿನ ಚಾಂಪಿಯನ್ ಕೋಡಿ ರೋಡ್ಸ್‌ನನ್ನು ತಬ್ಬಿಕೊಂಡ. ಹಿಂದೆ ನಿಂತಿದ್ದ ದಿ ರಾಕ್ ಕುತ್ತಿಗೆ ಕೊಯ್ಯುವ ಸನ್ನೆ ಮಾಡಿದ. ಸೀನಾನ ಮುಖದ ನಗು ಮಾಸಿತು, ಕೋಡಿಗೆ ಕೆಳಗೆ ಏಟು ಬಿತ್ತು. ಆ ಅರ್ಧ ನಿಮಿಷ ಅದ್ಭುತವಾಗಿತ್ತು ಎನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಆದರೆ ನಮ್ಮವರು ವಾದಿಸುವುದೆಲ್ಲ ಆ ಅರ್ಧ ನಿಮಿಷದ ಬಗ್ಗೆಯೇ. ಟರ್ನ್, ಅಂದರೆ ಒಳ್ಳೆಯವ ಕೆಟ್ಟವನಾಗುವುದು ಅಥವಾ ಕೆಟ್ಟವ ಒಳ್ಳೆಯವನಾಗುವುದು, ಗೆಲ್ಲುವುದೂ ಸೋಲುವುದೂ ಅದರ ಮುಂದಿನ ವಾರಗಳಲ್ಲಿ.

ಟರ್ನ್‌ಗೆ ಮೂರು ಕಡೆಯವರು ಬೇಕು: ತಿರುಗಿ ಬೀಳುವವ, ಏಟು ತಿಂದವ, ತಿರುಗಲು ಕಾರಣನಾದವ. ಲೆಕ್ಕ ಚುಕ್ತಾ ಆಗುವವರೆಗೆ ಮೂವರೂ ಕಣ್ಣೆದುರು ಇರಬೇಕು. ಸೀನಾನ ಕಥೆಯಲ್ಲಿ ಕಾರಣನಾದ ರಾಕ್ ಆಮೇಲೆ ನಾಪತ್ತೆ. ಏಪ್ರಿಲ್ 20ರ ವಾರ್ಷಿಕ ಮಹಾಪ್ರದರ್ಶನ ರೆಸಲ್‌ಮೇನಿಯಾ 41ರಲ್ಲಿ ಸೀನಾ 17ನೇ ಬಾರಿ ಚಾಂಪಿಯನ್ ಆದಾಗಲೂ ಆತ ಬರಲಿಲ್ಲ. ಹಾಗಾಗಿ ಕಾರಣವನ್ನೇ ಬದಲಿಸಬೇಕಾಯಿತು: ಇಷ್ಟು ವರ್ಷ ಬೈದು ಹಂಗಿಸಿದ ಪ್ರೇಕ್ಷಕರೇ ತಪ್ಪಿತಸ್ಥರು ಎಂದು ಸೀನಾ ಹೇಳತೊಡಗಿದ. ಇದು ಮೊದಲಿನದಕ್ಕಿಂತ ಗಟ್ಟಿ ಕಾರಣ, ಏಕೆಂದರೆ ಅದು ಹಳೆಯ ಕಥೆಯೊಳಗೇ ಇತ್ತು. 2006ರ ಜೂನ್‌ನಲ್ಲಿ ನ್ಯೂಯಾರ್ಕಿನ ಹ್ಯಾಮರ್‌ಸ್ಟೈನ್ ಬಾಲ್‌ರೂಮ್‌ನಲ್ಲಿ ಜನ ಅವನ ಟಿ-ಶರ್ಟನ್ನು ಅವನಿಗೇ ವಾಪಸ್ ಎಸೆದದ್ದು ನೆನಪಿದ್ದವರಿಗೆ ಗೊತ್ತು. ಇದನ್ನೇ ಮೊದಲ ದಿನದಿಂದ ಹಿಡಿದಿದ್ದರೆ ರಾಕ್‌ನ ಅಗತ್ಯವೇ ಬೀಳುತ್ತಿರಲಿಲ್ಲ.

ಇನ್ನೊಂದು ತೊಡಕು ಕಥೆ ಹೆಣೆಯುವ ಬುಕಿಂಗ್‌ನದ್ದಲ್ಲ, ಕ್ಯಾಲೆಂಡರಿನದ್ದು. ಅದು ಸೀನಾನ ವಿದಾಯದ ವರ್ಷ ಎಂದು 2024ರ ಜುಲೈಯಲ್ಲೇ ಘೋಷಣೆಯಾಗಿತ್ತು. ಕೊನೆಯ ಸಲ ಕಣ್ತುಂಬ ನೋಡಲು ದುಡ್ಡು ಕೊಟ್ಟು ಬಂದವರು ಬೂ ಎನ್ನುವುದಿಲ್ಲ. ಆಗಸ್ಟ್ 3ರ ಸಮ್ಮರ್‌ಸ್ಲ್ಯಾಮ್ ಹೊತ್ತಿಗೆ ಅವನನ್ನು ಮತ್ತೆ ಒಳ್ಳೆಯವನನ್ನಾಗಿ ಮಾಡಿಯಾಗಿತ್ತು. ಐದು ತಿಂಗಳಲ್ಲಿ ಎರಡು ತಿರುವು.

ಇದಕ್ಕೆ ಅಣ್ಣನಂತಿರುವುದು 2001ರ ಏಪ್ರಿಲ್ 1, ಹ್ಯೂಸ್ಟನ್. ಸ್ಟೀವ್ ಆಸ್ಟಿನ್ ತನ್ನ ಆಜನ್ಮ ವೈರಿ, ಕಂಪನಿಯ ಮುಖ್ಯಸ್ಥ ವಿನ್ಸ್ ಮೆಕ್‌ಮ್ಯಾನ್ ಜೊತೆ ಸೇರಿ ರಾಕ್‌ನನ್ನು ಕುರ್ಚಿಯಿಂದ ಮತ್ತೆ ಮತ್ತೆ ಬಾರಿಸಿದ. ಆದರೆ ಅದು ಟೆಕ್ಸಾಸ್, ಆಸ್ಟಿನ್‌ನ ತವರು ರಾಜ್ಯ. ಜನ ಪ್ರತಿ ಏಟಿಗೂ ಹೋ ಎಂದು ಕೂಗಿದರು. ಮರುದಿನವೇ ರಾಕ್ ಸಿನಿಮಾ ಚಿತ್ರೀಕರಣಕ್ಕೆಂದು ಕಥೆಯಿಂದ ಹೊರಬಿದ್ದ. ಏಟು ತಿಂದವನೇ ಇಲ್ಲದಿದ್ದರೆ ಸೇಡು ಯಾರದ್ದು? ಮೇ ತಿಂಗಳಲ್ಲಿ ಜೊತೆಗಾರ ಟ್ರಿಪಲ್ ಎಚ್‌ನ ತೊಡೆಯ ಸ್ನಾಯು ಹರಿಯಿತು, ಅಲ್ಲಿಗೆ ಆ ಜೋಡಿಯೂ ಮುಗಿಯಿತು. ಆ ಅವಧಿಯ ಆಸ್ಟಿನ್‌ನ ನಟನೆ ಅವನ ಅತ್ಯುತ್ತಮ ಕೆಲಸಗಳಲ್ಲಿ ಒಂದು ಎಂದು ನಾನು ಖಂಡಿತ ಹೇಳುತ್ತೇನೆ. ಟರ್ನ್ ಮಾತ್ರ ನೆಲಕಚ್ಚಿತು. ಆಟ ಒಳ್ಳೆಯದಿದ್ದೂ ಟರ್ನ್ ಕೆಡಬಹುದು. ನಮ್ಮ ಚರ್ಚೆಗಳಲ್ಲಿ ಇವೆರಡನ್ನು ಕಲಸಿಹಾಕುವವರೇ ಜಾಸ್ತಿ.

ಸರಿಯಾಗಿ ಮಾಡಿದ್ದು ಹೇಗಿರುತ್ತದೆ ಎಂದರೆ 1997ರ ಮಾರ್ಚ್ 23ರ ರೆಸಲ್‌ಮೇನಿಯಾ 13, ಬ್ರೆಟ್ ಹಾರ್ಟ್ ಮತ್ತು ಅದೇ ಆಸ್ಟಿನ್. ಒಂದೇ ಪಂದ್ಯದಲ್ಲಿ ಇಬ್ಬರೂ ಅದಲು ಬದಲು. ನೆಲ ಆಗಲೇ ಹದವಾಗಿತ್ತು. 1996ರ ಜೂನ್‌ನ ಕಿಂಗ್ ಆಫ್ ದ ರಿಂಗ್ ನಂತರ ಕೆಟ್ಟವನಾದ ಆಸ್ಟಿನ್‌ಗೆ ಚಪ್ಪಾಳೆ ಏರುತ್ತಿತ್ತು. ಒಳ್ಳೆಯವನಾದ ಬ್ರೆಟ್ ತನಗೆ ಅನ್ಯಾಯವಾಗುತ್ತಿದೆ ಎಂದು ವಾರ ವಾರ ದೂರುತ್ತಿದ್ದ. ಮಾರ್ಚ್ 17ರ ವಾರದ ಟಿವಿ ಕಾರ್ಯಕ್ರಮ ‘ರಾ’ದಲ್ಲಿ ಮೆಕ್‌ಮ್ಯಾನ್‌ನನ್ನು ನೂಕಿ ಬೈದೂ ಬಿಟ್ಟ. ಪಂದ್ಯದ ನಿಯಮ ನೋಡಿ: ಪಿನ್ (ಭುಜ ನೆಲಕ್ಕೊತ್ತಿ ಮೂರು ಎಣಿಸುವುದು) ಇಲ್ಲ, ಶರಣಾದರೆ ಮಾತ್ರ ಸೋಲು, ರೆಫರಿ ಕೆನ್ ಶಾಮ್‌ರಾಕ್. ಆ ನಿಯಮವೇ ಪಾತ್ರಗಳ ಪರೀಕ್ಷೆ. ಹಣೆ ಒಡೆದು ಮುಖವೆಲ್ಲ ರಕ್ತವಾಗಿ ಆಸ್ಟಿನ್ ಬ್ರೆಟ್‌ನ ಕಾಲು ತಿರುಚುವ ಹಿಡಿತವಾದ ಶಾರ್ಪ್‌ಶೂಟರ್‌ನಲ್ಲಿ ಸಿಕ್ಕಿಬಿದ್ದ. ಸೋತೆ ಎನ್ನಲಿಲ್ಲ, ಪ್ರಜ್ಞೆ ತಪ್ಪಿದ. ಶಾಮ್‌ರಾಕ್ ಪಂದ್ಯ ನಿಲ್ಲಿಸಿದ ಮೇಲೂ ಬ್ರೆಟ್ ಬಿದ್ದವನ ಕಾಲಿಗೆ ಬಾರಿಸತೊಡಗಿದ. ಶಾಮ್‌ರಾಕ್ ಸೊಂಟ ಹಿಡಿದು ಎಸೆದು ಎದುರು ನಿಂತಾಗ ಬ್ರೆಟ್ ಕೈ ಮಾಡದೆ ಹೊರನಡೆದ. ಇಡೀ ಟರ್ನ್ ಮುಗಿದದ್ದು ಅಲ್ಲಿ: ಬಿದ್ದವನಿಗೆ ಹೊಡೆದ, ನಿಂತವನಿಗೆ ಬೆನ್ನು ಹಾಕಿದ. ಆಸ್ಟಿನ್ ಯಾರ ಹೆಗಲೂ ಬೇಡವೆಂದು ಕುಂಟುತ್ತಾ ತಾನೇ ಎದ್ದು ಹೋದ. ಅವನ ಸ್ವಭಾವ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ.

ಮರುದಿನ ಬ್ರೆಟ್ ಮೈಕ್ ಹಿಡಿದು ಕೊಟ್ಟ ಭಾಷಣ, ಅಂದರೆ ಪ್ರೋಮೋ, ಕೂಡ ಪಾಠವಿದ್ದಂತೆ. ನಾನು ಕೆಟ್ಟವನಾದೆ ಎನ್ನಲಿಲ್ಲ. ಅಮೆರಿಕದ ನೀವು ಕೆಟ್ಟಿದ್ದೀರಿ ಎಂದ. ಇಲ್ಲಿ ಕಾರಣನಾದವ ಪ್ರೇಕ್ಷಕನೇ, ಅವನು ಎಲ್ಲಿಗೂ ಹೋಗುವಂತಿಲ್ಲ. ಜುಲೈ 6ರಂದು ತವರೂರು, ಕೆನಡಾದ ಕ್ಯಾಲ್ಗರಿಯಲ್ಲಿ ಇದೇ ಬ್ರೆಟ್‌ಗೆ ದೇವರಂತಹ ಸ್ವಾಗತ, ಆಸ್ಟಿನ್‌ಗೆ ಬೂ.

ಒಳ್ಳೆಯವನಾಗಿದ್ದ ಹಲ್ಕ್ ಹೋಗನ್ ತಿರುಗಿ ಬಿದ್ದದ್ದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ಬೇಗ ಮುಗಿಸುತ್ತೇನೆ. 1996ರ ಜುಲೈ 7, ಡೇಟೋನಾ ಬೀಚ್, ರ‍್ಯಾಂಡಿ ಸ್ಯಾವೇಜ್ ಮೇಲೆ ಕಾಲು ಚಾಚಿ ಬೀಳುವ ಲೆಗ್ ಡ್ರಾಪ್, ರಿಂಗ್ ತುಂಬ ಜನ ಎಸೆದ ಕಸ. ಕಾಮೆಂಟರಿಯಲ್ಲಿ ಬಾಬಿ ಹೀನನ್ ಹೋಗನ್ ಯಾರ ಕಡೆ ಎಂದು ಕೇಳಿ ಗುಟ್ಟು ಬಿಟ್ಟುಕೊಟ್ಟ ಎಂಬ ಹಳೆಯ ಆರೋಪವನ್ನು ನಾನು ಒಪ್ಪುವುದಿಲ್ಲ. ವರ್ಷಗಟ್ಟಲೆ ಹೋಗನ್‌ನನ್ನು ನಂಬದ ಪಾತ್ರ ಅವನದ್ದು, ಬೇರೇನು ಹೇಳಬೇಕಿತ್ತು? ಕೆಟ್ಟದ್ದು ಸಾಲ ತೀರಿಸುವ ದಿನ, 1997ರ ಡಿಸೆಂಬರ್ 28ರ ಸ್ಟಾರ್‌ಕೇಡ್. ಬರೆದ ಕಥೆಯಂತೆ ರೆಫರಿ ನಿಕ್ ಪ್ಯಾಟ್ರಿಕ್ ಅವಸರದಲ್ಲಿ ಮೂರು ಎಣಿಸಿ ಹೋಗನ್‌ನ ಎದುರಾಳಿ ಸ್ಟಿಂಗ್‌ಗೆ ಮೋಸ ಮಾಡಬೇಕು, ಬ್ರೆಟ್ ಹಾರ್ಟ್ ಬಂದು ಅದನ್ನು ತಡೆಯಬೇಕು. ಎಣಿಕೆ ಮಾಮೂಲಿ ವೇಗದಲ್ಲೇ ಬಿತ್ತು. ನೋಡಿದವರ ಕಣ್ಣಿಗೆ ಹೋಗನ್ ನ್ಯಾಯವಾಗಿಯೇ ಗೆದ್ದಿದ್ದ, ಬ್ರೆಟ್ ಸುಮ್ಮನೆ ತಕರಾರು ತೆಗೆದಂತಾಯಿತು. ಒಂದೂವರೆ ವರ್ಷ ಕಟ್ಟಿದ ಕಥೆ ಮೂರು ತಟ್ಟುಗಳಲ್ಲಿ ಸಡಿಲಾಯಿತು.

ಇನ್ನು ರಿಂಗ್‌ನೊಳಗಿನ ಕೆಲಸ. ಮಾಮೂಲಿ ಪಂದ್ಯದ ಕಟ್ಟು ಹೀಗೆ: ಮೊದಲ ಕೆಲವು ನಿಮಿಷ ಒಳ್ಳೆಯವನ ಮೇಲುಗೈ, ಅದಕ್ಕೆ ಶೈನ್ ಎನ್ನುತ್ತಾರೆ. ಕೆಟ್ಟವ ಮೋಸದಿಂದ ಅದನ್ನು ಕತ್ತರಿಸುತ್ತಾನೆ. ಆಮೇಲೆ ಹೀಟ್, ಕೆಟ್ಟವ ಬಾರಿಸುತ್ತಾ ಜನರ ಸಿಟ್ಟೇರಿಸುವ, ಪಂದ್ಯದ ಅತಿ ಉದ್ದದ ಭಾಗ. ನಡುವೆ ಎರಡು ಮೂರು ಸಲ ಆಸೆ ಚಿಗುರಿಸಿ ಚಿವುಟುವುದು. ಕೊನೆಗೆ ಒಳ್ಳೆಯವನ ಕಮ್‌ಬ್ಯಾಕ್, ಫಿನಿಶ್. ಟರ್ನ್ ಆದವ ಈ ಕಟ್ಟಿನಲ್ಲಿ ತನ್ನ ಜಾಗ ಬದಲಿಸಬೇಕು. ಕಮ್‌ಬ್ಯಾಕ್‌ಗೆಂದು ಜನ ಕಾಯುತ್ತಿದ್ದ ವರಸೆಗಳನ್ನು ಬಿಡಬೇಕು. ಹೋಗನ್ ಲೆಗ್ ಡ್ರಾಪ್ ಉಳಿಸಿಕೊಂಡ, ಆದರೆ ಏಟು ತಿಂದಷ್ಟೂ ಮೈ ನಡುಗಿಸಿ ಎದ್ದು ಬರುವುದನ್ನು ಕೈಬಿಟ್ಟ. ಬೆನ್ನು ಪರಚಿದ, ಬೆಲ್ಟಿನಿಂದ ಬಾರಿಸಿದ, ಎದುರಾಳಿ ಮೇಲೆದ್ದರೆ ಓಡಿದ. ಇವತ್ತಿನ ಎಷ್ಟೋ ಹೀಲ್‌ಗಳು ಮೇಲಿನ ಹಗ್ಗದಿಂದ ಪಲ್ಟಿ ಹೊಡೆದು ಹೊರಗೆ ಹಾರುತ್ತಾರೆ. ಜನ ಎದ್ದು ಚಪ್ಪಾಳೆ ತಟ್ಟುತ್ತಾರೆ, ಹೀಟ್ ಅಲ್ಲಿಗೆ ಸತ್ತಿತು. ಅದನ್ನು ಮರಳಿ ಕಟ್ಟಲು ಇನ್ನೈದು ನಿಮಿಷ ಬೇಕು.

ಈ ವಿಷಯದಲ್ಲಿ ರೋಮನ್ ರೇನ್ಸ್ 2020ರಲ್ಲಿ ಮಾಡಿದ್ದು ಅಚ್ಚುಕಟ್ಟು. 2015ರ ಜನವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಒಳ್ಳೆಯವನಾಗಿ ರಾಯಲ್ ರಂಬಲ್ ಗೆದ್ದಾಗ ರಾಕ್ ಬಂದು ಕೈ ಎತ್ತಿ ಹಿಡಿದರೂ ಬೂ ನಿಂತಿರಲಿಲ್ಲ. 2020ರ ಆಗಸ್ಟ್‌ನಲ್ಲಿ ಮ್ಯಾನೇಜರ್ ಪಾಲ್ ಹೇಮನ್ ಪಕ್ಕದಲ್ಲಿ ಕುಳಿತು ಕಾಣಿಸಿಕೊಂಡವನು ವೇಗ ಇಳಿಸಿದ, ಮೈಮೇಲಿನ ಕಪ್ಪು ಜಾಕೆಟ್ ಬಿಟ್ಟ, ಹೊಡೆಯುತ್ತಾ ಎದುರಾಳಿಯೊಂದಿಗೆ ಮಾತಾಡತೊಡಗಿದ, ಕತ್ತು ಹಿಚುಕುವ ಗಿಲೊಟಿನ್ ಸೇರಿಸಿಕೊಂಡ. ಏಟು ತಿಂದವ ಸ್ವಂತ ಬಂಧು ಜೇ ಊಸೋ. ಮೂರೂ ಕಡೆಯವರು ವಾರ ವಾರ ಹಾಜರು. ಕೋವಿಡ್ ಕಾರಣ ಆಗ ಕ್ರೀಡಾಂಗಣದಲ್ಲಿ ಜನರೇ ಇರಲಿಲ್ಲ, ಪರದೆಗಳ ಮೇಲಿನ ಮುಖಗಳಷ್ಟೇ. ಹಟಕ್ಕೆ ಚಪ್ಪಾಳೆ ತಟ್ಟಿ ಕೆಡಿಸುವವರಿಲ್ಲದೆ ಪಾತ್ರ ಬೇರು ಬಿಟ್ಟಿತು. ಇದನ್ನು ನಮ್ಮವರು ಚರ್ಚಿಸುವುದೇ ಇಲ್ಲ. 1,316 ದಿನ ಯೂನಿವರ್ಸಲ್ ಚಾಂಪಿಯನ್ ಬೆಲ್ಟ್ ಅವನ ಬಳಿ ಉಳಿಯಿತು. ಆ ಅವಧಿಯಲ್ಲೇ ಜನ ಅವನಿಗೆ ಕೂಗು ಹಾಕತೊಡಗಿದಾಗಲೂ ಅವನು ಒಳ್ಳೆಯವನಾಗಲಿಲ್ಲ.

ಚಪ್ಪಾಳೆ ಬಿತ್ತು, ಹಾಗಾದರೆ ಬೇಬಿಫೇಸ್ (ಒಳ್ಳೆಯವ) ಎನ್ನುವವರಿಗೆ ಕರಾವಳಿಯವರೇ ಉತ್ತರ ಕೊಡಬಲ್ಲರು. ತಾಳಮದ್ದಳೆಯಲ್ಲಿ ವಾಲಿಯ ಅರ್ಥಧಾರಿ ಬಾಣ ನೆಟ್ಟ ಎದೆಯಲ್ಲೇ ರಾಮನನ್ನು ಪ್ರಶ್ನೆಗಳಿಂದ ಕಟ್ಟಿಹಾಕಿ ಚಪ್ಪಾಳೆ ಗಿಟ್ಟಿಸುತ್ತಾನೆ. ಅದು ವಾದಕ್ಕೆ ಸಂದ ಮೆಚ್ಚುಗೆ. ಪ್ರಸಂಗದ ಕೊನೆ ಬದಲಿಸಿ ಎಂದು ಸಭೆಯಲ್ಲಿ ಯಾರೂ ಏಳುವುದಿಲ್ಲ. ಟರ್ನ್ ಆಯಿತೋ ಇಲ್ಲವೋ ತಿಳಿಯಲು ಪ್ರವೇಶದ ಹೊತ್ತಿನ ಕೂಗನ್ನು ಎಣಿಸಬೇಡಿ, ಎದುರಾಳಿಯ ಕಮ್‌ಬ್ಯಾಕ್ ಹೊತ್ತಿನ ಕೂಗನ್ನು ಕೇಳಿ. ಆಗ ಜನ ಎದುರಾಳಿಗಾಗಿ ಎದ್ದರೆ ಇವನು ಇನ್ನೂ ಹೀಲ್.

ಭಾರತ ಮೂಲದ ಜಿಂದರ್ ಮಹಲ್ ನಮ್ಮವನು, ಅವನನ್ನು ಕೆಟ್ಟವನನ್ನಾಗಿ ತೋರಿಸಿದರು ಎಂಬ ಸಿಟ್ಟು ಕೆಲವರಿಗೆ ಈಗಲೂ ಇದೆ. 2017ರ ಮೇ 21ರಂದು ರ‍್ಯಾಂಡಿ ಆರ್ಟನ್‌ನನ್ನು ಸೋಲಿಸಿ ಅವನು ಚಾಂಪಿಯನ್ ಆದ. ಕೆಟ್ಟವನಾದದ್ದು ದೋಷವಲ್ಲ. ಅವನ ಸಹಾಯಕರಾದ ಸಿಂಗ್ ಸಹೋದರರು ನಡುವೆ ನುಗ್ಗುವುದು, ಮುಗಿಯುವುದು, ತಿಂಗಳುಗಟ್ಟಲೆ ಅದೇ ಫಿನಿಶ್. ನೀವು ಪರದೇಶಿ ಎಂದು ನನ್ನನ್ನು ದ್ವೇಷಿಸುತ್ತೀರಿ ಎಂಬ ಅವನ ಮಾತಿನಲ್ಲಿ ಬ್ರೆಟ್‌ನ ಮಾತಿನಷ್ಟೇ ಕಸುವಿತ್ತು. ಅದನ್ನು ಪಂದ್ಯಗಳಿಗೆ ಇಳಿಸಲಿಲ್ಲ.

ಹೊಸದಾಗಿ ಈ ಚರ್ಚೆಗೆ ಇಳಿಯುವವರು ತುಣುಕು ವಿಡಿಯೋ ಬಿಟ್ಟು ಬ್ರೆಟ್‌ನ ಸರಣಿಯನ್ನು ಸಾಲಾಗಿ ನೋಡಿ: 1997ರ ಮಾರ್ಚ್ 17, 23, 24, ಆಮೇಲೆ ಜುಲೈ 6. ಮಾರ್ಚ್ 23ರ ಪಂದ್ಯವನ್ನು ಎರಡು ಸಲ, ಎರಡನೆಯ ಸಲ ಕಾಮೆಂಟರಿಗೆ ಕಿವಿಗೊಡದೆ ಜನರ ಸದ್ದನ್ನಷ್ಟೇ ಹಿಡಿದು ನೋಡಿ. ಬ್ರೆಟ್ ಪರವಾದ ಕೂಗು ಯಾವ ನಿಮಿಷದಲ್ಲಿ ತೆಳುವಾಯಿತು ಎಂದು ಬರೆದಿಟ್ಟುಕೊಂಡು ಬನ್ನಿ, ಅಲ್ಲಿಂದ ವಾದ ಶುರು ಮಾಡೋಣ.